ಶಿಲಾಫಲಕದ ಕೆಳಗಿನ ಸಾಲು

೧೯೭೮ರ ಮೇ ೨೨, ಸೋಮವಾರ. ವಿಪರೀತ ಸೆಕೆ, ಗಾಳಿಯಿಲ್ಲ. ವಿಠ್ಠಲವಾಡಿ ಸ್ಟೇಷನ್ನಿನ ಹೊರಗೆ ನಾನು ದಿನಾ ಚಹಾ ಕುಡಿಯುವ ಉಡುಪಿಯವರ ಹೋಟೆಲಿನ ಗೋಡೆಗೆ ಯಾರೋ ಕೆಂಪು ಬಾಣ ಬರೆದು ಹೋಗಿದ್ದರು. ನಮ್ಮ ಕಡೆ ದೊಡ್ಡ ನಿರ್ಧಾರಗಳು ತಿಳಿಯುವುದೇ ಹೀಗೆ: ಮೊದಲು ಗೋಡೆಗೆ, ಆಮೇಲೆ ಗೋಡೆಯ ಮಾಲೀಕನಿಗೆ.

೧. ಬಾಣ

ಬಾಣ ನೇರ ಒಲೆಯ ಕಡೆಗಿತ್ತು. ಹೋಟೆಲು ಉಳಿಯುವುದಾದರೆ ಮಳೆಗೆ ಮೊದಲು ಮಾಡಿಗೆ ಹೊಸ ತಗಡು ಹಾಕಿಸಬೇಕು. ಕೆಡವುವುದಾದರೆ ತಗಡು ದಂಡ, ಅದಕ್ಕಾಗಿ ಅಡವಿಡಬೇಕಾದ ಮಾಲೀಕರ ಹೆಂಡತಿಯ ಬಳೆಯೂ ದಂಡ.

ಬಾಣ ಬರೆದಿದ್ದ ಅಳತೆಯವರು ಸರಪಳಿ ಹಿಡಿದು ಮತ್ತೆ ಬಂದಾಗ ಮಾಲೀಕರು ಕೇಳಿದರು: "ರಸ್ತೆಯೋ, ಸೇತುವೆಯೋ?"

"ನಮಗೇನು ಗೊತ್ತು ಶೇಟ್? ನಾವು ಅಳೆಯುವವರು."

"ಅಳೆಯುವುದು ಯಾಕೆ?"

"ಎಷ್ಟಿದೆ ಅಂತ ತಿಳಿಯಲಿಕ್ಕೆ."

ಮೂರು ಚಹಾ ಕುಡಿದು, ಇನ್ನೊಂದು ಬಾಣ ಬರೆದು ಹೋದರು. ಅದು ಎದುರು ದಿಕ್ಕಿಗಿತ್ತು.

೨. ಭಾಷಣ

ಆ ಭಾನುವಾರ ನಮ್ಮ ಪುಢಾರಿ ಶಾಲೆಯ ಮೈದಾನದಲ್ಲಿ ಜನತೆಯ ತಿಳಿಯುವ ಹಕ್ಕಿನ ಬಗ್ಗೆ ಒಂದು ಗಂಟೆ ಮಾತಾಡಿದರು. ಮಾಲೀಕರು ಎದ್ದು ನಿಂತು, "ಸಾಹೇಬರೇ, ನಮ್ಮಲ್ಲಿ ಏನು ಬರ್ತದೆ?" ಎಂದರು.

"ಯೋಗ್ಯ ವೇಳೀ ಸಾಂಗೂ!" ಎಂದರು ಪುಢಾರಿ ಮರಾಠಿಯಲ್ಲಿ. ಸಮಯ ಬಂದಾಗ ಹೇಳುತ್ತಾರಂತೆ. ಜೋರು ಚಪ್ಪಾಳೆ.

ಸಭೆ ಮುಗಿದ ಮೇಲೆ ಪುಢಾರಿ ಹೋಟೆಲಿಗೇ ಬಂದರು. ಚಹಾದ ಬಸಿ ಕೆಳಗಿಟ್ಟು ಮಾಲೀಕರ ಕಿವಿಯ ಹತ್ತಿರ ಬಗ್ಗಿದರು: "ಶೇಟ್, ನಿಮ್ಮಲ್ಲಿಗೆ ಎಲ್ಲರೂ ಬರುತ್ತಾರೆ. ಇಲ್ಲಿ ಏನು ಬರುತ್ತದಂತೆ?"

೩. ದೋಸೆ

ಅಷ್ಟರಲ್ಲಿ ಶಂಕುಸ್ಥಾಪನೆಯ ದಿನ ಗೊತ್ತಾಯಿತು. ಯಾವುದರ ಶಂಕುಸ್ಥಾಪನೆ ಎಂಬುದು ಮಾತ್ರ ಗೊತ್ತಾಗಲಿಲ್ಲ. ಫಲಕ ಕೆತ್ತುವ ಕೆಲಸ ಬಿಜಾಪುರದ ಕಡೆಯ ಒಬ್ಬನಿಗೆ ಸಿಕ್ಕಿತ್ತು. ಅವನಿಗೆ ಓದು ಬಾರದು. ಕಲ್ಲಿನ ಮೇಲೆ ಬರೆದುಕೊಟ್ಟದ್ದನ್ನು ಹಾಗೇ ಕೆತ್ತುತ್ತಿದ್ದ. ಮಾಲೀಕರು ಅವನನ್ನು ಕೂರಿಸಿ ಮಸಾಲೆ ದೋಸೆ ಕೊಟ್ಟರು.

"ಮ್ಯಾಲೆ ಸಾಹೇಬ್ರ ಹೆಸರೈತ್ರಿ," ಎಂದ.

ಎರಡನೇ ದೋಸೆ. "ಕೆಳಗೆ?"

"ಅದನ್ನ ಹೇಳಂಗಿಲ್ರಿ."

ಮೂರನೇ ದೋಸೆ. "ಉದ್ದ ಉಂಟಾ, ಗಿಡ್ಡ ಉಂಟಾ? ಅಷ್ಟಾದರೂ ಹೇಳು ಮಾರಾಯ!"

"ಮಾತು ಕೊಟ್ಟೀನ್ರಿ ಅಣ್ಣಾರ," ಎಂದು ಕೈ ತೊಳೆದ.

"ಇವನನ್ನೇ ಚುನಾವಣೆಗೆ ನಿಲ್ಲಿಸಬೇಕು," ಎಂದರು ಮಾಲೀಕರು.

೪. ಪರದೆ

ಶಂಕುಸ್ಥಾಪನೆಯ ದಿನ ಪುಢಾರಿ ಫಲಕದ ಪರದೆಯ ಹಗ್ಗ ಎಳೆದರು. ಗೇಣುದ್ದದ ಅಕ್ಷರಗಳಲ್ಲಿ ಅವರ ಹೆಸರು, 'ಇವರ ಶುಭಹಸ್ತದಿಂದ' ಎಂಬ ಒಕ್ಕಣೆ. ಅದರ ಕೆಳಗೆ, ಅರ್ಧ ಕಲ್ಲು ಬೋಳು. ಪುಢಾರಿಯೇ ಮೊದಲು ಚಪ್ಪಾಳೆ ತಟ್ಟಿದರು.

ಮಾಲೀಕರು ಆ ಬೋಳು ಕಲ್ಲು ನೋಡಿ ನನ್ನ ಕಡೆ ತಿರುಗಿದರು: "ಕಲ್ಲಿನ ಮೇಲೆಯೇ ಜಾಗ ಖಾಲಿ ಉಂಟಲ್ಲ! ನನ್ನ ಜಾಗಕ್ಕೆ ಇನ್ನು ಹತ್ತು ವರ್ಷ ಯಾರೂ ಬರುವುದಿಲ್ಲ. ನಾಳೆಯೇ ತಗಡು ಹಾಕಿಸುವುದು."

ಆಮೇಲೆ ಗುಂಪಿನಲ್ಲಿದ್ದ ಕಲ್ಲುಕುಟಿಗನ ತೋಳು ಹಿಡಿದರು. "ಕೆಳಗೆ ಏನೂ ಇಲ್ಲ ಅಂತ ಹೇಳಲಿಕ್ಕೆ ನಿನಗೆ ಎಂತ ಕಷ್ಟ? ಮೂರು ದೋಸೆ ತಿಂದೆಯಲ್ಲ! ನಿನಗೆ ಅವರು ಕೊಟ್ಟದ್ದಾದರೂ ಎಷ್ಟು?"

"ಕೆತ್ತಿದ್ದಕ್ಕ ನಲವತ್ತು ರೂಪಾಯಿ ಕೊಟ್ಟಾರ್ರಿ," ಎಂದ ಅವನು. "ಕೆತ್ತಲಾರದ್ದನ್ನ ಯಾರಿಗೂ ಹೇಳಬ್ಯಾಡ ಅಂತ ನೂರು."