ಪೆಟ್ರೋಲ್ ಟ್ಯಾಂಕಿನ ಮೇಲೊಂದು ಹ್ಯಾಂಡಿಕ್ಯಾಮ್

ಬೈಕ್ ಓಡಿಸಿ ಬಂದ ದಿನ ಅಣ್ಣ ತಟ್ಟೆಯಲ್ಲಿ ಅನ್ನ ಬದಿಗೆ ಸರಿಸಿ, ಸಾರಿನಲ್ಲಿ ಬೆರಳಿನಿಂದ ಟ್ರ್ಯಾಕಿನ ತಿರುವುಗಳನ್ನು ಬರೆಯುತ್ತಿದ್ದ. "ಇಲ್ಲಿ ಬ್ರೇಕ್, ಇಲ್ಲಿ ಬಾಗಬೇಕು." ಅಮ್ಮ ಹೇಳುತ್ತಿದ್ದಳು, "ಆ ತಿರುವು ಉಂಡು ಮುಗಿಸು ಮಾರಾಯ, ಮೊಸರು ಬಡಿಸ್ಬೇಕು."

ನಮ್ಮ ಮನೆಯಲ್ಲಿ ಇಂಥವು ನಡೆಯುತ್ತಲೇ ಇದ್ದವು. ನಗಲು ಮಾತ್ರ ಯಾರಿಗೂ ಧೈರ್ಯವಿರಲಿಲ್ಲ. ಅಣ್ಣ ಒಮ್ಮೆ ಬಿದ್ದು ಹೆಗಲ ಮೂಳೆ ಮುರಿದುಕೊಂಡಿದ್ದ. ಅಪ್ಪ ಬೈಕ್ ಮಾರುವುದಾಗಿ ಹೇಳಿಬಿಟ್ಟಿದ್ದರು. ಕೊನೆಗೆ ಒಂದು ಅವಕಾಶ ಕೊಟ್ಟರು: "ನೀನು ಹೆಂಗೆ ಓಡಿಸ್ತೀಯ ಅಂತ ನೋಡಿ ಹೇಳ್ತೀನಿ. ಟ್ರ್ಯಾಕಿಗೆ ಬಂದು ನಿಂತು ನೋಡೋಕೆ ಮಾತ್ರ ನನ್ನ ಕೈಲಾಗಲ್ಲ."

ಓಡಿಸುವುದನ್ನು ವಿಡಿಯೋ ಹಿಡಿದು ಮನೆಯಲ್ಲೇ ತೋರಿಸಲು ಅಣ್ಣ ಸೋದರಮಾವನ ಹ್ಯಾಂಡಿಕ್ಯಾಮ್ ಕೇಳಿ ತಂದ.

ಸೂಚನೆ

ಕಾನ್ವೆಂಟಿನಲ್ಲಿ ಓದಿದವಳೆಂದು ಕ್ಯಾಮೆರಾದ ಇಂಗ್ಲಿಷ್ ಪುಸ್ತಕ ಓದುವ ಕೆಲಸ ನನ್ನದಾಯಿತು. ಯಾರೊಂದಿಗೂ ಮಾತಾಡಬೇಕಿಲ್ಲದ ಕೆಲಸ, ಒಪ್ಪಿಕೊಂಡೆ.

"ಇದನ್ನ ಅಲುಗಾಡಿಸಲೇಬಾರದಂತೆ," ಎಂದೆ.

ಅಣ್ಣ ಗಂಭೀರವಾಗಿ ಯೋಚಿಸಿದ. "ಹಾಗಾದ್ರೆ ಗಟ್ಟಿ ಕಟ್ಟೋಣ."

ಕಟ್ಟು

ಅಣ್ಣ ಕ್ಯಾಮೆರಾವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯುತ್ತಿದ್ದುದನ್ನು ಅಪ್ಪನಿಂದ ನೋಡಲಾಗಲಿಲ್ಲ. "ಕಟ್ಟೋದು ಹಂಗಲ್ಲ, ಸರಿ ಆಚೆ." ನಮ್ಮ ಕಾಫಿ ತೋಟದ ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ ಕಟ್ಟುವ ಹಾಗೆಯೇ ಕಟ್ಟಿದರು. "ಸ್ವಲ್ಪ ಸಡಿಲ ಇರ್ಬೇಕು. ಇಲ್ದಿದ್ರೆ ಕತ್ತು ಹಿಸುಕಿದ ಹಾಗೆ."

ಬೈಕಿನ ಹಣೆಬರಹ ಅವರ ಕೈಯಲ್ಲಿತ್ತು. ಅಣ್ಣ ತಲೆಯಾಡಿಸಿ ಬೈಕ್ ಹತ್ತಿದ.

ಮೊದಲ ಹೊಂಡಕ್ಕೇ ಕ್ಯಾಮೆರಾ ವಾಲಿತು. ಸಂಜೆ ಟಿವಿಯಲ್ಲಿ ಬಂದದ್ದು ಅಣ್ಣನ ಬಲಮೊಣಕಾಲು ಒಂದೇ. ಅಪ್ಪ ಕೊನೆಯವರೆಗೂ ಅದನ್ನೇ ನೋಡಿದರು.

"ಕಾಲು ಚೆನ್ನಾಗಿ ಮಡಚ್ತೀಯ," ಎಂದರು. "ಓಡಿಸೋದು ಕಾಣ್ಲಿಲ್ಲ."

ತಿರುವು

ಮುಂದಿನ ವಾರ ಅಣ್ಣ ಪೈಪಿನ ಕ್ಲಾಂಪ್ ಹಾಕಿ ತಾನೇ ಬಿಗಿದ. ಟ್ರ್ಯಾಕ್ ಎಂದರೆ ಪಕ್ಕದ ಎಸ್ಟೇಟಿನವರು ತಮ್ಮ ತೋಟದ ಅಂಚಿನಲ್ಲಿ ಹುಡುಗರಿಗೆ ಬಿಟ್ಟುಕೊಟ್ಟ ಮಣ್ಣಿನ ಸುತ್ತುದಾರಿ. ಈ ಸಲ ಎಲ್ಲ ಸ್ಪಷ್ಟವಾಗಿ ಬಂದಿತ್ತು. ಅಪ್ಪ ಕುರ್ಚಿಯ ತುದಿಗೆ ಬಂದು ಕೂತರು.

"ನಿಲ್ಸು!"

ಅಣ್ಣ ಗಡಿಬಿಡಿಯಲ್ಲಿ ಗುಂಡಿ ಒತ್ತಿ ಚಿತ್ರ ನಿಲ್ಲಿಸಿದ. ಹಿಂದಿನ ಚಕ್ರ ಜಾರಿದ್ದು ಆ ತಿರುವಿನಲ್ಲೇ.

ಅಪ್ಪ ಎದ್ದು ಹೋಗಿ ಟಿವಿಯ ಮೂಲೆಗೆ ಬೆರಳಿಟ್ಟರು. "ಈ ಕಾಫಿ ಗಿಡ ನೋಡು. ಎಲೆ ಹಳದಿ ತಿರುಗಿ ಬಾಡಿದೆ. ಕಾಂಡ ಕೊರೆಯೋ ಬೋರರ್ ಹುಳ! ನಮ್ಮಲ್ಲಿ ಒಂದು ಹುಳಾನೂ ಇಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಾರಲ್ಲ ಆ ಎಸ್ಟೇಟಿನ ಪುಣ್ಯಾತ್ಮರು!"

ಅಪ್ಪನನ್ನು ಅಷ್ಟು ಸಂತೋಷದಲ್ಲಿ ನಾನು ಕಂಡಿರಲಿಲ್ಲ.

"ಅಪ್ಪಾ, ಬೈಕು..." ಎಂದ ಅಣ್ಣ.

"ಇರ್ಲಿ, ಇರ್ಲಿ. ಮಾರೋದೇನೂ ಬೇಡ." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅವರ ಮೇಲಿನ ತೋಟದ ದಾರೀಲೂ ಇದನ್ನ ಕಟ್ಕೊಂಡು ಒಂದ್ಸಲ ಹೋಗಿ ಬರ್ತೀಯಾ?"

ಅಣ್ಣ ಟಿವಿಯನ್ನೇ ನೋಡುತ್ತ ಕೂತಿದ್ದ.

"ಗಿಡ ಕಾಣೋ ಹಂಗೆ, ನಿಧಾನಕ್ಕೆ. ಆಗುತ್ತೇನೋ?"