ಅಕ್ಕನ ಊದುಗೊಳವೆ

ಉಸಿರು ಬಿಟ್ಟಿ ಸಿಗುವ ವಸ್ತು. ಅದರಲ್ಲೂ ಜಿಪುಣತನ ಮಾಡಬಹುದೆಂದು ಹೊನ್ನಾಳಿಯಲ್ಲಿ ಮೊದಲು ತೋರಿಸಿಕೊಟ್ಟವನು ನಾನೇ ಇರಬೇಕು. ಯುದ್ಧದ ಕಾಲ, ಸೀಮೆಎಣ್ಣೆಗೆ, ಸಕ್ಕರೆಗೆ ರೇಷನ್ನು ಬಂದಿತ್ತು. ಉಸಿರಿಗೆ ನಾನೇ ಹಾಕಿಕೊಂಡಿದ್ದೆ. ಮಿಡ್ಲ್ ಸ್ಕೂಲಿನ ಮೇಷ್ಟ್ರಾಗಿದ್ದ ನನಗೆ ಆಗ ಮೂವತ್ತೈದಾದರೂ ಮದುವೆಯಾಗಿರಲಿಲ್ಲ. ಯೋಗಕ್ಕೆ ಬ್ರಹ್ಮಚರ್ಯ ಬೇಕೆಂದು ಕೇಳಿದವರಿಗೆ ಹೇಳುತ್ತಿದ್ದೆ. ಹೆಣ್ಣು ಯಾರೂ ಕೊಟ್ಟಿಲ್ಲವೆಂಬುದು ಕೇಳದವರಿಗೂ ಗೊತ್ತಿತ್ತು. ಮನೆಯಲ್ಲಿ ನಾನು, ತಾಯಿಯಿಲ್ಲದ ನನ್ನನ್ನು ಸಾಕಿದ ಅಕ್ಕ, ಅಕ್ಕನ ಉಬ್ಬಸ, ಹೀಗೆ ಮೂವರು.

ನನ್ನ ಗುರುಗಳು ಜಗಳೂರಿನ ರುದ್ರಯ್ಯನವರು, ಪೆನ್ಷನ್ ಪಡೆದ ಡ್ರಿಲ್ ಮಾಸ್ತರು. ಪ್ರಾಣಾಯಾಮವನ್ನೂ ಡ್ರಿಲ್ಲಿನಂತೆಯೇ ಕಲಿಸುತ್ತಿದ್ದರು: ಎಳಿ, ಹಿಡಿ, ಬಿಡು. ತಿಂಗಳಿಗೊಮ್ಮೆ ಪೆಟ್ರೋಲಿಲ್ಲದೆ ಇದ್ದಿಲು ಗ್ಯಾಸಿನಿಂದ ಓಡುತ್ತಿದ್ದ ಬಸ್ಸು ಹತ್ತಿ ಪಾಠಕ್ಕೆ ಹೋಗುತ್ತಿದ್ದೆ. ಆ ಬಸ್ಸಿಗೂ ಉಬ್ಬಸವೇ. ಏರು ಬಂದರೆ ಎಲ್ಲರೂ ಇಳಿದು ತಳ್ಳಬೇಕಾಗಿತ್ತು. ಸಾಧನೆಯ ಉಸಿರು ಪೋಲಾದೀತೆಂದು ನಾನು ಮಾತ್ರ ಬಸ್ಸಿನ ಬೆನ್ನಿಗೆ ಕೈ ಇಟ್ಟಂತೆ ಮಾಡಿ ನಡೆದುಬರುತ್ತಿದ್ದೆ.

ಬೆಳಗ್ಗೆ ನಡುಮನೆಯಲ್ಲಿ ಜಗಳೂರು ಕಂಬಳಿ ಹಾಸಿ ಕೂತರೆ ಅರವತ್ತನಾಲ್ಕು ಎಣಿಸುವವರೆಗೆ ಉಸಿರು ಹಿಡಿಯುತ್ತಿದ್ದೆ. ಗೋಡೆಯಾಚೆ ಅಕ್ಕ ನನ್ನ ಕಾಫಿಗಾಗಿ ಒಲೆ ಊದುತ್ತಿದ್ದಳು. ಒಂದು ಸಲ ಊದಿದರೆ ಎರಡು ಸಲ ಕೆಮ್ಮು, ಆಮೇಲೆ ಎದೆಯ ಸುಂಯ್ ಸದ್ದು. ನನ್ನ ಏಕಾಗ್ರತೆ ಕೆಡುತ್ತದೆಂದು ಒಂದು ದಿನ ಗೊಣಗಿದೆ. ಅಂದಿನಿಂದ ಅವಳು ಸೆರಗನ್ನು ಬಾಯಿಗೊತ್ತಿಕೊಂಡು ಕೆಮ್ಮತೊಡಗಿದಳು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಆಗಿರಲಿಲ್ಲ.

ಆ ಬೇಸಿಗೆಯ ಕೊನೆಯಲ್ಲಿ ರುದ್ರಯ್ಯನವರು ನ್ಯಾಮತಿಗೆ ಮದುವೆಗೆಂದು ಹೊರಟವರು ನಮ್ಮಲ್ಲಿ ಒಂದು ದಿನ ಉಳಿದರು. ನಾನು ಉತ್ಸಾಹದಿಂದ ಅರವತ್ತನಾಲ್ಕರ ಪ್ರದರ್ಶನ ಕೊಟ್ಟೆ. ಕಣ್ಣು ಬಿಟ್ಟು ನೋಡಿದರೆ ಗುರುಗಳು ನನ್ನೆದುರಿಗಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಕ್ಕ ಒಲೆ ಊದುವುದನ್ನು ನೋಡುತ್ತಿದ್ದರು. ಮುಂದಿನ ಪಾಠ ಯಾವುದೆಂದು ಕೇಳಿದೆ.

"ಹಿಡಿಯಾಕೆ ಚೆನ್ನಾಗಿ ಕಲ್ತೀರಿ ಮೇಷ್ಟ್ರೇ," ಎಂದರು. "ಬಿಡಾಕೆ ಇನ್ನೂ ಬಂದಿಲ್ಲ. ನಾಳೆಯಿಂದ ಈ ಒಲೆ ನೀವು ಊದ್ರಿ."

ನನಗೆ ಅವಮಾನವಾಯಿತು. ಮೇಲಿನ ಕ್ಲಾಸಿನವನನ್ನು ಒಂದನೇ ಕ್ಲಾಸಿನಲ್ಲಿ ಕೂರಿಸಿದಂತೆ. ಆದರೂ ಗುರುವಾಕ್ಯವೆಂದು ಊದಿದೆ. ಕಣ್ಣಿಗೆ ಬೂದಿ, ಮೂಗಿಗೆ ಹೊಗೆ. ಅಕ್ಕ ಪಕ್ಕದಲ್ಲಿ ಕೂತು ನಕ್ಕಳು. ಆ ನಾಲ್ಕು ದಿನ ಅವಳ ಎದೆ ಸ್ವಲ್ಪ ಹಗುರಾಗಿತ್ತೆಂದು ಈಗ ನೆನಪಾಗುತ್ತದೆ. ಐದನೆಯ ದಿನ ಮೊಸರು ಕೊಡಲು ಬಂದ ಪಕ್ಕದ ಮನೆಯಾಕೆ ಒಲೆಯ ಮುಂದೆ ಬಗ್ಗಿದ್ದ ನನ್ನನ್ನು ಕಂಡು, ಇನ್ನು ಮೇಷ್ಟ್ರಿಗೆ ಹೆಣ್ಣು ಹುಡುಕುವ ತಾಪತ್ರಯವಿಲ್ಲ ಎಂದಳು. ಮಾರನೆಯ ದಿನ ಕಂಬಳಿಗೆ ಮರಳಿದೆ. ಪಾಠ ಮುಗಿಯಿತೆಂದು ಗುರುಗಳಿಗೆ ಕಾರ್ಡು ಬರೆದೆ. ಅಕ್ಕ ಮತ್ತೆ ಊದುಗೊಳವೆ ತೆಗೆದುಕೊಂಡಳು.

ಆಷಾಢ ಬಂತು. ಸೌದೆ ನೆಂದಿತ್ತು. ಅಂದು ಬೆಳಗ್ಗೆ ಅಕ್ಕ, "ತಮ್ಮಾ, ಇವತ್ತು ಒಂದೀಟು ಊದಿ ಕೊಡ್ತೀಯೇನಪ್ಪಾ? ಆಗವಲ್ದು," ಎಂದಳು. ನಾನಾಗಲೇ ಉಸಿರು ಹಿಡಿದಿದ್ದೆ. ಇರು ಎಂದು ಕೈಸನ್ನೆ ಮಾಡಿದೆ. ಅವಳು ಒಳಗೆ ಹೋಗಿ ಊದಿದಳು. ಇಪ್ಪತ್ತು, ಮೂವತ್ತು. ನಲವತ್ತರ ಹೊತ್ತಿಗೆ ಊದುವ ಸದ್ದು ನಿಂತಿತು, ಕೆಮ್ಮೂ ನಿಂತಿತು. ಒಲೆ ಹೊತ್ತಿತೆಂದುಕೊಂಡೆ. ಆಹಾ, ಆ ದಿನ ಎಂಥ ಏಕಾಗ್ರತೆ. ಅರವತ್ತನಾಲ್ಕು ದಾಟಿ ಎಂಬತ್ತಕ್ಕೆ ಹೋಯಿತು. ಮತ್ತೆ ಮತ್ತೆ ಹಿಡಿದೆ. ಮನಸ್ಸು ತುಂಬಿ ಎದ್ದು ಕಾಫಿಗೆಂದು ಒಳಗೆ ಹೋದರೆ ಒಲೆ ಹೊತ್ತಿರಲಿಲ್ಲ. ಅಕ್ಕ ಗೋಡೆಗೆ ಒರಗಿದ್ದಳು. ಊದುಗೊಳವೆ ಮಡಿಲಲ್ಲಿತ್ತು.

ಅಕ್ಕನ ಮಣ್ಣಾದ ಮೂರನೆಯ ದಿನ ಗುರುಗಳ ಕಾರ್ಡು ಬಂತು. ಅವರಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ನನ್ನ ಹಳೆಯ ಕಾರ್ಡಿಗೆ ಒಂದೇ ಸಾಲಿನ ಉತ್ತರ: "ಅದು ಮುಗಿಯುವ ಪಾಠವಲ್ಲ, ಅಕ್ಕನವರು ಇರುವವರೆಗೆ ಮಾಡಿ."

ಈಗ ಒಲೆ ನಾನೇ ಊದುತ್ತೇನೆ, ಹೇಳಿಸಿಕೊಳ್ಳದೆ. ಮೂರು ಸಲ ಊದುವಷ್ಟರಲ್ಲಿ ತಲೆ ತಿರುಗಿ ಕೂತುಬಿಡುತ್ತೇನೆ. ಪಕ್ಕದ ಮನೆಯಾಕೆ ಕಿಟಕಿಯಿಂದ ನೋಡುತ್ತಾಳೆ, ನಗುವುದಿಲ್ಲ. ಎಂಬತ್ತು ಎಣಿಸುವವರೆಗೆ ಹಿಡಿದಿಡುವಷ್ಟು ಉಸಿರು ನನ್ನಲ್ಲಿದೆ. ಒಂದು ಲೋಟ ಕಾಫಿಗೆ ಸಾಲುತ್ತಿಲ್ಲ.