ಷೋಕೇಸಿನಲ್ಲೊಂದು ಜರ್ಮನ್ ಎಂಜಿನ್

ಷೋಕೇಸು ಕುಸಿಯಬಹುದಿತ್ತು. ಎಸಿಯ ನೀರು ಒಳಗಿದ್ದ ಎಂಜಿನ್ನಿನ ನೆತ್ತಿಗೇ ತೊಟ್ಟಿಕ್ಕಬಹುದಿತ್ತು. ಊಟಕ್ಕೆ ಬಂದವರ ಮಗು ಹೊಗೆ ಕೊಳವೆ ಹಿಡಿದು ಎತ್ತಬಹುದಿತ್ತು. ಕಟ್ಟಡಕ್ಕೆ ಬೆಂಕಿ ಬಿದ್ದು, ಮೊದಲು ಹೆಂಡತಿಯನ್ನು ಹೊರಗೆ ತರುವುದೋ ಎಂಜಿನ್ನನ್ನೋ ಎಂಬ ಧರ್ಮಸಂಕಟ ಎದುರಾಗಬಹುದಿತ್ತು. ಹೆಲ್ಮುಟ್ ರಜೆಗೆ ಹೋಗಿದ್ದ ಬೇಸಿಗೆಯಿಡೀ ನಾನು ಇವನ್ನೆಲ್ಲ ಸರದಿ ಪ್ರಕಾರ ಕಲ್ಪಿಸಿಕೊಂಡು ಬೆವರಿದೆ. ಚಿಂತೆ ಮಾಡುವುದಕ್ಕೆ ಯಾರಾದರೂ ಸಂಬಳ ಕೊಡುವಂತಿದ್ದರೆ ನಾನು ಮಸ್ಕತ್ತಿಗೆ ಬರಬೇಕಾಗಿಯೇ ಇರಲಿಲ್ಲ.

ಹೆಲ್ಮುಟ್ ಅಲ್ ಅಜೈಬಾದ ನಮ್ಮ ಕಟ್ಟಡದ ಮೇಲ್ಮಹಡಿಯವರು, ನಿವೃತ್ತಿಗೆ ಹತ್ತಿರವಾದ ಎಂಜಿನಿಯರು. ಜನ ಹತ್ತುವ ರೈಲು ಇನ್ನೂ ಓಡದ ಈ ದೇಶದಲ್ಲಿ ಅವರ ಬಳಿ ಮೊಳದುದ್ದದ ಉಗಿ ರೈಲೆಂಜಿನ್ನಿನ ಮಾದರಿ ಇತ್ತು, ಲೋಹದ್ದು, ತಾವೇ ಕೂತು ಮಾಡಿದ್ದು. ಚಹಾಕ್ಕೆ ಹೋದಾಗಲೆಲ್ಲ ಅದರ ಪುರಾಣ. ಒಂದು ಕಾಲದಲ್ಲಿ ಜರ್ಮನಿಯ ಒಂದೊಂದು ಪ್ರಾಂತದ್ದೂ ಒಂದೊಂದು ಬಗೆಯ ಎಂಜಿನ್ನಂತೆ; ಒಂದರ ನಟ್ಟು ಇನ್ನೊಂದಕ್ಕೆ ಕೂರದೆ ಸಾಕಾಗಿ, ಮೊದಲ ಮಹಾಯುದ್ಧದ ನಂತರ ಎಲ್ಲ ಕಡೆಗೂ ಒಂದೇ ಅಳತೆಯವನ್ನು ರೂಪಿಸಿದರಂತೆ. ಇದು ಆ ಸಂತಾನ. ಬೇರೆ ಎಂಜಿನ್ನುಗಳು ನೀರಿಗೂ ಕಲ್ಲಿದ್ದಲಿಗೂ ಹಿಂದೆ ಇನ್ನೊಂದು ಗಾಡಿ ಎಳೆದರೆ, ಇದು ನೀರಿನ ತೊಟ್ಟಿಗಳನ್ನು ಎರಡೂ ಪಕ್ಕೆಗೆ ಕಟ್ಟಿಕೊಂಡು, ಕಲ್ಲಿದ್ದಲನ್ನು ಬೆನ್ನಿಗೇ ಹೊರುತ್ತದೆ. ಲಗೇಜಿನ ತೂಕ ಉಳಿಸಲು ಜಾಕೆಟ್ಟಿನ ಮೇಲೆ ಜಾಕೆಟ್ಟು ತೊಟ್ಟು, ಜೇಬಿಗೆಲ್ಲ ಹಾಲಿನ ಪುಡಿ ತುರುಕಿಕೊಂಡು ಮಂಗಳೂರು ವಿಮಾನ ಹತ್ತುವ ನಮ್ಮವರ ಹಾಗೆ. ತಿರುಗಿಸಿ ನಿಲ್ಲಿಸುವ ಗೋಜಿಲ್ಲದೆ ಹಿಂದಕ್ಕೂ ಮುಂದಕ್ಕೂ ಸಲೀಸಾಗಿ ಓಡುತ್ತಿತ್ತಂತೆ. ಎರಡನೇ ಯುದ್ಧ ಕಂಡಿತು, ದೇಶ ಎರಡಾದಾಗ ಎರಡೂ ಕಡೆ ದುಡಿಯಿತು, ಡೀಸೆಲ್ ಬಂದ ಮೇಲೆ ಖಲಾಸ್.

"ನಮ್ಮಪ್ಪ ಇದರ ಅಸಲಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದರು. ಅವರ ನೆನಪಿಗೆ ಅಂತ ನಾನು ಮಾಡಿಕೊಂಡದ್ದು ಇದೊಂದೇ," ಎಂದು ಹೇಳಿ, ಮನೆಗೆ ಪೇಂಟ್ ಮಾಡಿಸುವ ಕಾರಣಕ್ಕೆ ಅದನ್ನು ನನ್ನ ಕೈಗಿತ್ತು ಹೋದರು. "ಇಡೀ ಕಟ್ಟಡದಲ್ಲಿ ಜಾಗ್ರತೆಯ ಮನುಷ್ಯ ನೀನೊಬ್ಬನೇ."

ಅವರು ಬರುವ ಹಿಂದಿನ ದಿನ, ಶುಕ್ರವಾರ ಬೆಳಗ್ಗೆ, ಷೋಕೇಸಿನ ಮೇಲೆ ಬಿಸಿಲು ಬಿತ್ತು. ತೊಟ್ಟಿಯ ಕೆಳಗೆ ತುಕ್ಕು! ಚಾಲಕನ ಗೂಡಿನ ಮಾಡಿನ ಮೇಲೆ ಮಸಿ, ಕೊಳವೆಯ ಬುಡದಲ್ಲಿ ಉಪ್ಪಿನಂಥ ಬಿಳಿ ಗೆರೆ!

"ಜೆಸಿಂತಾ!"

ಪ್ರಾರ್ಥನೆಗೆಂದು ಇಗರ್ಜಿಗೆ ಹೊರಟಿದ್ದ ಹೆಂಡತಿ ಓಡಿ ಬಂದಳು. "ಎಂತಾಯ್ತು ಮಾರಾಯ್ರೆ, ಊರಿಂದ ಫೋನ್ ಬಂತಾ?"

"ತುಕ್ಕು ಹಿಡಿದಿದೆ! ಸಮುದ್ರದ ಗಾಳಿ!"

"ಅದು ಮೊದಲೇ ಹಾಗಿತ್ತಲ್ಲ?"

"ನಿನಗೇನು ಗೊತ್ತು!"

"ಮಗಳಿಗೆ ಜ್ವರ ಬಂದಾಗ ನೀವು ಇಷ್ಟು ಬೊಬ್ಬೆ ಹಾಕಿದ್ದು ನಾನು ಕಾಣಲಿಲ್ಲ," ಎಂದು ಗೊಣಗಿ ಹೊರಟೇ ಹೋದಳು.

ಲಿಂಬೆಹುಳಿ, ಪಾತ್ರೆ ತೊಳೆಯುವ ಸಾಬೂನು, ಹಳೇ ಟೂತ್‌ಬ್ರಷ್ಷು. ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಮದುಮಗನ ಬೂಟಿನ ಹಾಗೆ ಹೊಳೆಯುತ್ತಿತ್ತು. ಬೇರೆಯವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ನಮ್ಮ ಮನೆಯ ಕ್ರಮವಲ್ಲವಾದ್ದರಿಂದ, ಜೆಸಿಂತಾ ಬಂದವಳೇ ಕಲ್ಲಿದ್ದಲಿನ ಗೂಡಿಗೆ ಗೋಡಂಬಿ ತುಂಬಿದಳು.

ಮರುದಿನ ಹೆಲ್ಮುಟ್ ಎಂಜಿನ್ನನ್ನು ನೋಡಿದರು. ನನ್ನನ್ನು ನೋಡಿದರು. ಮೆಲ್ಲಗೆ ಸೋಫಾದಲ್ಲಿ ಕುಳಿತರು.

"ಯಾರು ತೊಳೆದದ್ದು?"

"ಇವರೇ," ಎಂದಳು ಜೆಸಿಂತಾ, ಸ್ವಲ್ಪವೂ ತಡಮಾಡದೆ.

ಪರ್ಸಿನಿಂದ ಅವರು ಒಂದು ಫೋಟೋ ತೆಗೆದರು. ಎಂಜಿನ್ನಿನ ಮುಂದೆ ಅವರಪ್ಪ, ಕೊನೆಯ ಓಟದ ದಿನ. ತೊಟ್ಟಿ ತುಂಬಿ ಚೆಲ್ಲಿದಲ್ಲಿ ತುಕ್ಕು, ಮಾಡಿಗೆ ಮಸಿ, ಕೊಳವೆಯ ಬುಡದಲ್ಲಿ ಬಿಳಿ ಗೆರೆ. ಆ ಒಂದೊಂದು ಕಲೆಯನ್ನೂ ಅವರು ಸಪೂರ ಕುಂಚದಲ್ಲಿ, ಫೋಟೋ ನೋಡಿ ನೋಡಿ ಬಿಡಿಸಿದ್ದರಂತೆ.

"ಅಪ್ಪ ಆಯುಷ್ಯವಿಡೀ ದುಡಿದದ್ದನ್ನು ಒರೆಸಿ, ಎಂಜಿನ್ನನ್ನು ನೀನು ವಾಪಸ್ ಕಾರ್ಖಾನೆಗೆ ಕಳಿಸಿಬಿಟ್ಟೆ," ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಈಗ ಶುಕ್ರವಾರ ಬಂತೆಂದರೆ ನಾನು ಮೇಲ್ಮಹಡಿಯಲ್ಲಿ ಕೂತು, ಆ ಫೋಟೋ ಮುಂದಿಟ್ಟುಕೊಂಡು ಕೊಳೆ ಬಳಿಯುತ್ತೇನೆ. ಹೆಲ್ಮುಟ್ ಗೋಡಂಬಿ ಜಗಿಯುತ್ತ, "ನಿನ್ನ ಕೈ ನಡುಗುವುದು ಒಳ್ಳೆಯದೇ ಆಯಿತು, ತುಕ್ಕು ಸಹಜವಾಗಿ ಬರುತ್ತಿದೆ," ಎನ್ನುತ್ತಾರೆ. ಷೋಕೇಸು ಕುಸಿದಿಲ್ಲ, ಎಸಿ ಸೋರಿಲ್ಲ, ಬೆಂಕಿಯೂ ಬಿದ್ದಿಲ್ಲ. ನಾನು ಒಂದಿಷ್ಟು ಜಾಗ್ರತೆ ಮಾಡಿದೆ, ಅಷ್ಟೇ.